ಟ್ರೆಷರ್ ಐಲ್ಯಾಂಡ್ ಓದಿ ಮುಗಿಸ್ದೆ, ಸಿಲ್ವರ್ ಮೇಲೆ ನಂಗೆ ಯಾಕೆ ಸಿಟ್ಟು ಬರ್ತಿಲ್ಲ?

ಓದುಹುಳ_ಶಿವಮೊಗ್ಗ:

ಎಲ್ರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ, ಇಲ್ಲಿ ಬರೀತಿರೋದು ಇದೇ ಮೊದ್ಲು. ಹೈಸ್ಕೂಲಲ್ಲಿದ್ದಾಗ ಸ್ಟೀವನ್ಸನ್ ಬರೆದ ಟ್ರೆಷರ್ ಐಲ್ಯಾಂಡ್ ಕಥೇನ ಕನ್ನಡದಲ್ಲಿ ತುಂಬಾ ಚಿಕ್ಕದು ಮಾಡಿದ್ದ ಒಂದು ಪುಸ್ತಕದಲ್ಲಿ ಓದಿದ್ದೆ, ಅದ್ರಲ್ಲಿ ನಕ್ಷೆ ಸಿಗತ್ತೆ, ಹಡಗು ಹೊರಡತ್ತೆ, ಕೆಟ್ಟೋರು ಸೋಲ್ತಾರೆ, ನಿಧಿ ಸಿಗತ್ತೆ, ಮುಗೀತು. ಈ ರಜೇಲಿ ಲೈಬ್ರರಿಯಿಂದ ಇಂಗ್ಲಿಷಿನ ಪೂರ್ತಿ ಪುಸ್ತಕ ತಂದು ಪಕ್ಕದಲ್ಲಿ ಡಿಕ್ಷನರಿ ಇಟ್ಕೊಂಡು 34 ಅಧ್ಯಾಯಾನೂ ಓದಿ ನಿನ್ನೆ ರಾತ್ರಿ ಮುಗಿಸ್ದೆ. ಹಡಗಿನ ಶಬ್ದಗಳು ಅರ್ಧಕ್ಕರ್ಧ ಅರ್ಥ ಆಗ್ಲಿಲ್ಲ, ಆದ್ರೂ ಕೆಳಗಿಡಕ್ಕೆ ಮನಸ್ಸು ಬರ್ಲಿಲ್ಲ.

ನನ್ ಪ್ರಶ್ನೆ ಒಂಟಿ ಕಾಲಿನ ಅಡುಗೆಯವನು ಲಾಂಗ್ ಜಾನ್ ಸಿಲ್ವರ್ ಬಗ್ಗೆ. 14ನೇ ಅಧ್ಯಾಯದಲ್ಲಿ ಟಾಮ್ ಅನ್ನೋ ನಾವಿಕ ಏನೇ ಆದ್ರೂ ದಂಗೆಗೆ ನಿಮ್ ಜೊತೆ ಸೇರಲ್ಲ ಅಂತ ಹೇಳಿ ಬೆನ್ನು ತಿರುಗಿಸಿ ಸಮುದ್ರದ ಕಡೆ ನಡ್ಕೊಂಡು ಹೋಗ್ತಾನೆ. ಸಿಲ್ವರ್ ಒಂದು ಕೊಂಬೆ ಹಿಡ್ಕೊಂಡು, ಕಂಕುಳಲ್ಲಿದ್ದ ಊರುಗೋಲು ತೆಗೆದು ಬೀಸಿ ಎಸೀತಾನೆ, ಅದು ಟಾಮ್ ಬೆನ್ನಿಗೆ ಸರಿಯಾಗಿ ಮಧ್ಯದಲ್ಲಿ ಬಡಿಯತ್ತೆ, ಅವನು ಬಿದ್ದ ತಕ್ಷಣ ಇವನು ಊರುಗೋಲೂ ಇಲ್ದೆ ಒಂದೇ ಕಾಲಲ್ಲಿ ಹಾರಿ ಮೇಲೆ ಬಿದ್ದು ಎರಡು ಸಲ ಚಾಕು ಹಾಕ್ತಾನೆ. ಆಮೇಲೆ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಒಂದ್ ಹಿಡಿ ಹುಲ್ಲು ತಗೊಂಡು ಚಾಕು ಒರೆಸ್ಕೋತಾನೆ. ಪೊದೆ ಹಿಂದೆ ಬಚ್ಚಿಟ್ಕೊಂಡು ನೋಡ್ತಿದ್ದ ಕಥಾನಾಯಕ ಹುಡುಗ ಜಿಮ್‌ಗೆ ಕಣ್ಣು ಕತ್ತಲೆ ಬರತ್ತೆ. ನಂಗೆ ಆ ಹುಲ್ಲಿನ ವಿಷಯ ಓದಿದ್ಮೇಲೆ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ಸುಮ್ನೆ ನಿಂತ್ಕೋಬೇಕು ಅನ್ನಿಸ್ತು, ನಿಂತ್ಕೊಂಡೆ ಕೂಡ.

ಇಷ್ಟೆಲ್ಲ ಆದ್ಮೇಲೂ, ಒಳಗೆ ತನ್ನವರೇ ಇದಾರೆ ಅಂದ್ಕೊಂಡು ಜಿಮ್ ಕತ್ತಲಲ್ಲಿ ಆ ಮರದ ಕೋಟೆಗೆ ಕಾಲಿಟ್ಟು, ಸಿಲ್ವರ್ ಸಾಕಿದ ಗಿಳಿ ಪೀಸಸ್ ಆಫ್ ಏಟ್ (ಹಳೇ ಸ್ಪೇನಿನ ಬೆಳ್ಳಿ ನಾಣ್ಯದ ಹೆಸರು) ಅಂತ ಕಿರುಚಿ, ಕಳ್ಳರ ಕೈಗೆ ಸಿಕ್ಕಿಬಿದ್ದಾಗ ಸಿಲ್ವರ್ ಎದ್ದು ಐದು ಜನರ ಎದುರು ಒಬ್ಬನೇ ನಿಂತು ಈ ಹುಡುಗನ ಮೈ ಮುಟ್ಟಿದ್ರೆ ನೋಡಿ ಅಂತಾನಲ್ಲ, ಆಗ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಜೋರಾಗಿ ಉಸಿರು ಬಿಟ್ಟೆ. ಕೊನೇಲಿ ಅವನು ಒಂದೇ ಒಂದು ಚೀಲ ನಾಣ್ಯ ತಗೊಂಡು ರಾತ್ರೋರಾತ್ರಿ ಓಡಿಹೋದಾಗ್ಲೂ ಅಷ್ಟೇ, ಸದ್ಯ ನೇಣಿಗೆ ಹಾಕಲ್ವಲ್ಲ ಅನ್ನಿಸ್ತು. ನನ್ ತಮ್ಮನಿಗೆ ಹೇಳಿದ್ರೆ ಅವನು ಕೊಲೆಗಾರನ್ನ ಇಷ್ಟಪಡ್ತೀಯಲ್ಲ ಅಕ್ಕ ಅಂದ. ಉತ್ತರ ಕೊಡಕ್ಕೆ ಆಗ್ಲಿಲ್ಲ.

ಇನ್ನೊಂದು, ಜಿಮ್ ಅಮ್ಮ ಎಲ್ಲಿ ಹೋದ್ರು? ಅಷ್ಟು ದೂರ ಹೋಗಿ ಸತ್ತು ಬದುಕಿ ವಾಪಸ್ ಬಂದ ಮಗ ಅಮ್ಮನ್ನ ನೋಡಿದ ಒಂದು ಸಾಲು ಕೂಡ ಇಲ್ಲ. ಅದು ನಂಗೆ ನಿಜವಾಗ್ಲೂ ಬೇಜಾರಾಯ್ತು.

ಹಳೇ_ಮೇಷ್ಟ್ರು:

ಪುಟ್ಟಿ, ನಿನ್ನ ಪ್ರಶ್ನೆ ಓದಿ ಬಹಳ ಖುಷಿ ಆಯ್ತು. ನಾನು ಇಂಗ್ಲಿಷ್ ಪಾಠ ಮಾಡ್ಕೊಂಡು ರಿಟೈರ್ ಆದವನು, ಈ ಪುಸ್ತಕಾನ ಎಷ್ಟು ಸಲ ಓದಿದೀನಿ ಅಂತ ಲೆಕ್ಕ ಇಟ್ಟಿಲ್ಲ, ನಿನಗೆ ಆಗಿದ್ದೇ ನನಗೂ ಆಗಿತ್ತು, ಈಗಲೂ ಆಗತ್ತೆ. ನನಗೆ ಗೊತ್ತಿರೋದು ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು.

ಮೊದಲು ಅಮ್ಮನ ವಿಷಯ. 1881ರಲ್ಲಿ ಸ್ಟೀವನ್ಸನ್ ಸ್ಕಾಟ್ಲೆಂಡಿನ ಬ್ರೇಮಾರ್ ಅನ್ನೋ ಊರಲ್ಲಿ ಸಂಸಾರ ಸಮೇತ ಒಂದು ಬಾಡಿಗೆ ಮನೆಯಲ್ಲಿದ್ದ. ಹೊರಗೆ ಬಿಡದೆ ಮಳೆ, ಅವನಿಗೆ ಮೊದಲೇ ಎದೆ ರೋಗ, ಆಚೆ ಹೋಗೋ ಹಾಗಿಲ್ಲ. ಅವನ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, 13 ವರ್ಷದ ಹುಡುಗ, ಬಣ್ಣದ ಡಬ್ಬಿ ಇಟ್ಕೊಂಡು ಚಿತ್ರ ಬರೀತಾ ಕೂತಿದ್ದ. ಸ್ಟೀವನ್ಸನ್ನೂ ಪಕ್ಕದಲ್ಲಿ ಕೂತು ಒಂದು ದ್ವೀಪದ ನಕ್ಷೆ ಬರೆದ, ಆ ನಕ್ಷೆ ನೋಡ್ತಾ ನೋಡ್ತಾ ಅದರ ಕಾಡಿನಿಂದ ಜನ ಇಣುಕಿ ನೋಡಕ್ಕೆ ಶುರುವಾಯ್ತು ಅನ್ನೋ ಅರ್ಥದಲ್ಲಿ ಅವನೇ ಆಮೇಲೆ ಬರ್ಕೊಂಡಿದಾನೆ. ದಿನಕ್ಕೊಂದು ಅಧ್ಯಾಯದ ಹಾಗೆ ಬರೆದು ಮಧ್ಯಾಹ್ನ ಊಟ ಆದ್ಮೇಲೆ ಮನೆಯವರಿಗೆ ಓದಿ ಹೇಳ್ತಿದ್ದ. ಈ ಕಥೇಲಿ ಹೆಂಗಸರು ಇರಕೂಡದು ಅಂತ ಲಾಯ್ಡ್ ಕಟ್ಟಪ್ಪಣೆ ಮಾಡಿಬಿಟ್ಟಿದ್ದ, ಸ್ಟೀವನ್ಸನ್ ತನ್ನ ಕಾಗದದಲ್ಲಿ ಇದನ್ನ ಹೇಳಿದಾನೆ. ಜಿಮ್ ಅಮ್ಮ ಅಷ್ಟು ಬೇಗ ಮರೆಯಾಗೋದಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ. ಕಾರಣ ಗೊತ್ತಾದ ಮಾತ್ರಕ್ಕೆ ನಿನ್ನ ಬೇಜಾರು ತಪ್ಪು ಅಂತಲ್ಲ.

ಅವನ ಅಪ್ಪ ಥಾಮಸ್ ಸ್ಟೀವನ್ಸನ್ ಲೈಟ್‌ಹೌಸ್ ಕಟ್ಟಿಸೋ ಇಂಜಿನಿಯರು, ಗಂಭೀರ ಮನುಷ್ಯ. ಆ ಮುದುಕರಿಗೂ ಹುಚ್ಚು ಹಿಡೀತು. ಜಿಮ್ ಮನೆಯವರ ಹೋಟೆಲ್ಲಲ್ಲಿ ಬಂದು ತಂಗೋ ಹಳೇ ಕಡಲ್ಗಳ್ಳ ಬಿಲ್ಲಿ ಬೋನ್ಸ್ ಪೆಟ್ಟಿಗೇಲಿ ಏನೇನು ಇರತ್ತೆ ಅಂತ ಹಳೇ ಲಕೋಟೆ ಹಿಂದೆ ಪಟ್ಟಿ ಮಾಡ್ಕೊಟ್ಟವರು ಅವರೇ, ನಿಧಿ ಹೂತಿಟ್ಟ ಕಡಲ್ಗಳ್ಳ ಫ್ಲಿಂಟ್‌ನ ಹಡಗಿಗೆ ವಾಲ್ರಸ್ ಅಂತ ಹೆಸರಿಟ್ಟವರೂ ಅವರೇ. 15 ಅಧ್ಯಾಯ ಆದ್ಮೇಲೆ ಪೆನ್ನು ನಿಂತುಹೋಯ್ತು, ಒಂದು ಪದ ಬರಲಿಲ್ಲ. ಆಮೇಲೆ ಆರೋಗ್ಯಕ್ಕೆ ಅಂತ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋದಾಗ ಅಲ್ಲಿ ಉಳಿದದ್ದು ಮುಗಿಸಿದ. ಯಂಗ್ ಫೋಕ್ಸ್ ಅನ್ನೋ ಮಕ್ಕಳ ಪತ್ರಿಕೇಲಿ ಕ್ಯಾಪ್ಟನ್ ಜಾರ್ಜ್ ನಾರ್ತ್ ಅನ್ನೋ ಹೆಸರಲ್ಲಿ ಧಾರಾವಾಹಿಯಾಗಿ ಬಂತು, ಪುಸ್ತಕ ಆಗಿದ್ದು 1883ರಲ್ಲಿ. ಮೊದಲು ಅವನು ಇಟ್ಟಿದ್ದ ಹೆಸರು ದಿ ಸೀ ಕುಕ್, ಹಡಗಿನ ಅಡುಗೆಯವನು. ನೋಡು, ದ್ವೀಪ ಅಲ್ಲ, ನಿಧಿ ಅಲ್ಲ, ಜಿಮ್ಮೂ ಅಲ್ಲ.

ಈಗ ನಿನ್ನ ಪ್ರಶ್ನೆಯ ತಿರುಳಿಗೆ ಬರ್ತೀನಿ. ಸ್ಟೀವನ್ಸನ್‌ಗೆ ಹೆನ್ಲಿ ಅಂತ ಒಬ್ಬ ಗೆಳೆಯ, ಕವಿ. ಹುಡುಗ ವಯಸ್ಸಲ್ಲೇ ಮೂಳೆ ಕ್ಷಯ ಬಂದು ಒಂದು ಕಾಲು ತೆಗೆದಿದ್ರು, ಇನ್ನೊಂದನ್ನ ಉಳಿಸ್ಕೊಳ್ಳಕ್ಕೆ ಎಡಿನ್‌ಬರೋ ಆಸ್ಪತ್ರೇಲಿ ತಿಂಗಳುಗಟ್ಟಲೆ ಮಲಗಿದ್ದ, ಸ್ಟೀವನ್ಸನ್ ಅವನನ್ನ ಮೊದಲು ನೋಡಿದ್ದು ಅಲ್ಲೇ, 1875ರಲ್ಲಿ. ದೊಡ್ಡ ದೇಹ, ಕೆಂಪು ಗಡ್ಡ, ಊರುಗೋಲು, ಅವನು ನಕ್ಕರೆ ಕೋಣೆ ತುಂಬ್ತಿತ್ತು. ಕಾಲಿಲ್ಲದಿದ್ರೂ ಅವನಿಗಿದ್ದ ಆ ಬಲ, ಆ ದರ್ಪ ನೋಡಿಯೇ ಸಿಲ್ವರ್ ಹುಟ್ಟಿದ್ದು ಅಂತ ಸ್ಟೀವನ್ಸನ್ ಅವನಿಗೇ ಕಾಗದ ಬರೆದು ಒಪ್ಕೊಂಡಿದಾನೆ. ತಾನು ತುಂಬಾ ಮೆಚ್ಚಿದ ಗೆಳೆಯನಿಂದ ಒಳ್ಳೇ ಗುಣಗಳನ್ನೆಲ್ಲ ತೆಗೆದು, ಬಲ, ಧೈರ್ಯ, ಚುರುಕು, ಎಲ್ಲರ ಜೊತೆ ನಗ್ತಾ ಬೆರೆಯೋ ಗುಣ ಇಷ್ಟನ್ನ ಮಾತ್ರ ಉಳಿಸಿ ಅದನ್ನ ಒಬ್ಬ ಒರಟು ನಾವಿಕನ ಮೈಗೆ ಹಾಕಿದ. ಅಂದ್ರೆ ಪುಟ್ಟಿ, ಸಿಲ್ವರ್‌ನ ಬರೆದ ಕೈಯೇ ಅವನನ್ನ ಪ್ರೀತಿಸ್ತಿತ್ತು. ಆ ಪ್ರೀತಿ ನಿನಗೆ ತಾಗಿದೆ.

ಜಿಮ್ ಕಡೆಯಿಂದಾನೂ ನೋಡು. ಅವನ ಅಪ್ಪ ಶುರುವಲ್ಲೇ ಕಾಯಿಲೆ ಬಿದ್ದು ಸಾಯ್ತಾನೆ. ಆಮೇಲೆ ಸಿಗೋ ದೊಡ್ಡವರಲ್ಲಿ ಹಡಗು ಕೊಂಡ ಜಮೀನ್ದಾರ ಸ್ಕ್ವೈರ್‌ಗೆ ಬಾಯಿ ನಿಲ್ಲಲ್ಲ, ಕ್ಯಾಪ್ಟನ್ ಸ್ಮಾಲೆಟ್ ಗದರಿಸ್ತಾನೆ, ಡಾಕ್ಟರ್ ಲಿವ್‌ಸಿ ಒಳ್ಳೆಯವನೇ, ಆದ್ರೆ ಮೇಲೆ ನಿಂತು ಮಾತಾಡ್ತಾನೆ. ಬ್ರಿಸ್ಟಲ್ ಬಂದರಲ್ಲಿ ಜಿಮ್ ಪಕ್ಕ ಸಮಸಮವಾಗಿ ನಡ್ಕೊಂಡು, ಇದು ಇಂಥ ಹಡಗು, ಇಷ್ಟು ಟನ್ನು, ಅಲ್ಲಿ ಸರಕು ಇಳಿಸ್ತಿದಾರೆ ನೋಡು ಅಂತ ಒಂದೊಂದನ್ನೂ ತೋರಿಸಿ ಹೇಳ್ಕೊಡೋನು ಸಿಲ್ವರ್ ಒಬ್ಬನೇ. ಅಪ್ಪ ಇಲ್ಲದ ಹುಡುಗನಿಗೆ ಅದು ಎಷ್ಟು ದೊಡ್ಡದು.

ನೇರಮಾತು:

ಮೇಷ್ಟ್ರೇ, ನೀವು ಹೇಳಿದ್ದು ಒಪ್ತೀನಿ, ಆದ್ರೆ ಸಿಲ್ವರ್ ಜಿಮ್‌ನ ಪ್ರೀತಿಸ್ತಿದ್ದ ಅನ್ನೋ ಹಾಗೆ ಕೇಳಿಸ್ತಿದೆ, ಅದನ್ನ ನಾನು ಒಪ್ಪಲ್ಲ.

ತಂಗಿ, ನೀನು 32ನೇ ಅಧ್ಯಾಯ ಇನ್ನೊಂದ್ಸಲ ಓದು. ನಿಧಿ ಹುಡುಕ್ಕೊಂಡು ಗುಡ್ಡ ಹತ್ತುವಾಗ ಜಿಮ್ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದೀನ ಸಿಲ್ವರ್ ಹಿಡ್ಕೊಂಡಿರ್ತಾನೆ, ಹಿಂದಿನ ರಾತ್ರಿ ಅಷ್ಟೇ ಇವನ ಪ್ರಾಣ ಉಳಿಸಿದ್ದವನು. ನಿಧಿ ಇನ್ನೇನು ಹತ್ರ ಬಂತು ಅನ್ನುವಾಗ ಅವನ ಮೂಗಿನ ಹೊಳ್ಳೆ ಅರಳಿ ನಡುಗತ್ತೆ, ಮುಖದ ಮೇಲೆ ನೊಣ ಕೂತ್ರೆ ಹುಚ್ಚನ ಥರ ಬೈತಾನೆ, ಹಗ್ಗಾನ ಜಗ್ಗಿ ಜಗ್ಗಿ ಎಳೀತಾನೆ, ಆಗಾಗ ತಿರುಗಿ ಜಿಮ್‌ನ ಒಂದು ನೋಟ ನೋಡ್ತಾನಲ್ಲ, ಅದು ಕೊಲ್ಲೋ ನೋಟ ಅಂತ ಜಿಮ್ಮೇ ಹೇಳ್ತಾನೆ. ಚಿನ್ನ ಸಿಕ್ಕಿದ್ರೆ ರಾತ್ರಿ ಎಲ್ಲರ ಕತ್ತು ಕುಯ್ದು ಹಡಗು ಹತ್ತಿ ಹೋಗ್ತಿದ್ದ ಅನ್ನೋದ್ರಲ್ಲಿ ಜಿಮ್‌ಗೆ ಅನುಮಾನಾನೇ ಇಲ್ಲ. ಆಮೇಲೆ ಗುಂಡಿ ನೋಡಿದ್ರೆ ಖಾಲಿ, ಮುರಿದ ಗುದ್ದಲಿ ಮತ್ತೆ ವಾಲ್ರಸ್ ಅಂತ ಸುಟ್ಟು ಬರೆದ ಹಲಗೆ ಬಿಟ್ರೆ ಏನಿಲ್ಲ. ಉಳಿದವರು ಗುಂಡಿಗೆ ಇಳಿದು ಕೈಯಲ್ಲಿ ಮಣ್ಣು ಕೆದಕ್ತಿರುವಾಗ ಸಿಲ್ವರ್ ಒಂದು ಕ್ಷಣದಲ್ಲಿ ಲೆಕ್ಕ ಹಾಕಿ ಜಿಮ್ ಕೈಗೆ ಪಿಸ್ತೂಲು ಕೊಟ್ಟು ಮತ್ತೆ ಸ್ನೇಹಿತ ಆಗ್ಬಿಡ್ತಾನೆ. ಅಂದ್ರೆ ಇಷ್ಟೇ, ಯಾವ ಕಡೆ ಗೆಲ್ಲತ್ತೋ ಆ ಕಡೆ ಅವನು.

ನನಗೆ ಆ ಪುಸ್ತಕದಲ್ಲಿ ನಿಜವಾದ ಧೀರ ಅಂತ ಅನ್ಸೋದು ಡಾಕ್ಟರ್ ಲಿವ್‌ಸಿ. ತಮ್ಮನ್ನ ಕೊಲ್ಲಕ್ಕೆ ಬಂದಿದ್ದ ಕಳ್ಳರಿಗೆ ಜ್ವರ ಬಂದಾಗ ಬೆಳಿಗ್ಗೆ ಅವರ ಗುಡಾರಕ್ಕೇ, ಅಲ್ಲ ಆ ಕೋಟೆಗೇ, ಒಬ್ಬನೇ ನಡ್ಕೊಂಡು ಬಂದು ನಾಲಿಗೆ ತೋರಿಸಿ ಅಂತ ಕೇಳಿ ಔಷಧಿ ಕೊಟ್ಟು ಹೋಗ್ತಾನೆ. ಅದರಲ್ಲಿ ಅಬ್ಬರ ಇಲ್ಲ, ಗಿಳಿ ಇಲ್ಲ, ಅದಕ್ಕೇ ಯಾರೂ ಮಾತಾಡಲ್ಲ.

ಓದುಹುಳ_ಶಿವಮೊಗ್ಗ:

ಅಣ್ಣ, ಆ ಹಗ್ಗದ ವಿಷಯ ನಾನು ಓದಿದ್ದೆ, ಆದ್ರೆ ಗುಂಡಿ ಖಾಲಿ ಇದೆ ಅನ್ನೋ ಶಾಕ್‌ನಲ್ಲಿ ಅದು ತಲೇಲಿ ಉಳಿದೇ ಇರ್ಲಿಲ್ಲ. ಈಗ ತೆಗೆದು ನೋಡ್ದೆ, ನೀವು ಹೇಳಿದ್ದು ಸರಿ. ಭಯ ಆಯ್ತು.

ಮಲ್ಲಿಗೆದಂಡೆ:

ನಾನು ಅಮ್ಮನ ವಿಷಯಕ್ಕೆ ಬಂದೆ. ನನಗೆ ಇಬ್ಬರು ಮಕ್ಕಳು, ದೊಡ್ಡವನಿಗೆ ರಾತ್ರಿ ಮಲಗುವಾಗ ಈ ಕಥೆ ಸ್ವಲ್ಪ ಸ್ವಲ್ಪ ಹೇಳ್ತಾ ಬಂದಿದ್ದೆ, ಹೇಳುವಾಗ ನನ್ನ ಗಂಟಲು ಕಟ್ಟಿದ್ದು ಒಂದೇ ಕಡೆ, ಅದು ಅಮ್ಮ ದುಡ್ಡು ಎಣಿಸೋ ಜಾಗ.

ನೆನಪು ಮಾಡ್ಕೋ ಮಗಳೇ. ಬಿಲ್ಲಿ ಬೋನ್ಸ್ ಸತ್ತು ನೆಲದ ಮೇಲೆ ಬಿದ್ದಿದಾನೆ. ಊರಿನವರು ಒಬ್ಬರೂ ಜೊತೆಗೆ ಬರಕ್ಕೆ ಒಪ್ಪಲ್ಲ, ಆಗ ಆ ಹೆಂಗಸು, ಗಂಡ ತೀರಿಹೋಗಿ ಇನ್ನೂ ಎಷ್ಟು ದಿನ ಆಗಿದೆ, ನಾನೂ ನನ್ನ ಮಗನೂ ಹೋಗ್ತೀವಿ, ಅಪ್ಪ ಇಲ್ಲದ ಮಗುವಿಗೆ ಸೇರಬೇಕಾದ ದುಡ್ಡು ನಾನು ಬಿಡಲ್ಲ ಅಂತಾಳೆ. ಹೋಟೆಲ್ಲಿಗೆ ವಾಪಸ್ ಬಂದು ಮೇಣದಬತ್ತಿ ಬೆಳಕಲ್ಲಿ ಪೆಟ್ಟಿಗೆ ತೆಗೀತಾರೆ. ಚೀಲದಲ್ಲಿ ಸ್ಪೇನ್, ಫ್ರಾನ್ಸ್, ಎಲ್ಲ ದೇಶದ ನಾಣ್ಯ ಕಲಬೆರಕೆ ಆಗಿದೆ, ಅವಳಿಗೆ ಲೆಕ್ಕ ಗೊತ್ತಿರೋದು ಇಂಗ್ಲೆಂಡಿನ ನಾಣ್ಯ ಗಿನಿ ಮಾತ್ರ, ಅದು ಹುಡುಕಿದ್ರೆ ಎಲ್ಲೋ ಒಂದೊಂದು. ಹೊರಗೆ ಕಳ್ಳರ ಕಡೆಯ ಕುರುಡ ಪ್ಯೂನ ಕೋಲು ಟಕ್ ಟಕ್ ಅಂತ ರಸ್ತೆ ಮೇಲೆ ಬಡ್ಕೊಂಡು ಬರೋ ಸದ್ದು. ಮಗ ಎಲ್ಲಾ ತಗೊಂಡು ಓಡೋಣ ಅಮ್ಮ ಅಂದ್ರೆ, ಇಲ್ಲ, ನನಗೆ ಬರಬೇಕಾದ್ದು ಎಷ್ಟೋ ಅಷ್ಟೇ, ಒಂದು ಕಾಸು ಹೆಚ್ಚಿಗೆ ಬೇಡ, ಒಂದು ಕಾಸು ಕಮ್ಮಿಯೂ ಬೇಡ ಅಂತ ಕೂತು ಎಣಿಸ್ತಾಳೆ. ಎಣಿಸಿ ಮುಗಿಯಲ್ಲ, ಮಧ್ಯದಲ್ಲೇ ಎದ್ದು ಓಡಬೇಕಾಗತ್ತೆ, ದಾರೀಲಿ ಮೂರ್ಛೆ ಹೋಗ್ತಾಳೆ. ಲೆಕ್ಕ ಸರಿದೂಗಿಸಕ್ಕೆ ಅಂತ ಜಿಮ್ ಆ ಎಣ್ಣೆಬಟ್ಟೆ ಸುತ್ತಿದ ಕಟ್ಟು ಎತ್ಕೊಂಡು ಬರ್ತಾನೆ, ಅದ್ರಲ್ಲೇ ನಕ್ಷೆ ಇರೋದು.

ಅಂದ್ರೆ ಇಡೀ ಪುಸ್ತಕದಲ್ಲಿ ತನ್ನ ಬಾಕಿ ಎಷ್ಟೋ ಅಷ್ಟಕ್ಕೇ ಕೈ ಹಾಕಿದ್ದು ಆ ತಾಯಿ ಒಬ್ಬಳೇ. ಉಳಿದವರು ಒಳ್ಳೆಯವರಾಗ್ಲಿ ಕೆಟ್ಟವರಾಗ್ಲಿ, ಯಾರ್ಯಾರನ್ನೋ ಕೊಂದು ಫ್ಲಿಂಟ್ ಹೂತಿಟ್ಟ 7 ಲಕ್ಷ ಪೌಂಡ್ ಹಿಂದೆ ಹೋದವರು. ಹೊರಟವರಲ್ಲಿ ಆ ಹಡಗಲ್ಲಿ ವಾಪಸ್ ಬಂದಿದ್ದು ಐದೇ ಜನ. ಹಡಗು ಹೊರಡುವಾಗ ಮೂವರು ಕಳ್ಳರನ್ನ ದ್ವೀಪದಲ್ಲೇ ಬಿಟ್ಟು ಬರ್ತಾರಲ್ಲ, ಅವರು ಮರಳ ಮೇಲೆ ಮಂಡಿಯೂರಿ ಕೈ ಚಾಚಿ ಬೇಡ್ಕೋತಾರೆ. ನನ್ನ ಮಗ ಅಲ್ಲಿ ಅಮ್ಮಾ ಅವರಿಗೆ ಊಟ ಅಂತ ಕೇಳಿದ. ತಿಂಡಿ, ಮದ್ದುಗುಂಡು, ಔಷಧಿ, ಬಟ್ಟೆ ಎಲ್ಲ ಬಿಟ್ಟು ಬಂದಿದಾರೆ ಅಂದೆ. ಅವನಿಗೆ ಸಮಾಧಾನ ಆಗ್ಲಿಲ್ಲ. ನನಗೂ ಆಗಿಲ್ಲ.

ತುಂಗಭದ್ರಾ_ದಂಡಿ:

ತಂಗಿ, ನಾ ಹೊಸಪೇಟಿ ಕಡಿಯಾವ. ಹಡಗಿನ ಶಬ್ದ ತಿಳೀಲಿಲ್ಲ ಅಂದಿ ನೋಡು, ಒಂದು ನಿನಗ ಆಗ್ಲೇ ಗೊತ್ತದ. ಅದರಾಗ ದ್ವೀಪದಾಗ ಒಬ್ಬನ ಉಳಕೊಂಡು, ನಿಧೀನ ಮೊದಲ ತಗದು ತನ್ನ ಗುಹೆಯೊಳಗ ಇಟ್ಟಿದ್ದ ಬೆನ್ ಗನ್ ಮಾಡಿಟ್ಟಿದ್ದ ಕೊರಾಕಲ್ ಅಂತ ಬರ್ತದಲ್ಲ, ಅದು ನಮ್ಮ ಹರಗೋಲು. ಕಟ್ಟಿಗಿ ಚೌಕಟ್ಟಿಗೆ ಆಡಿನ ತೊಗಲು ಹೊಚ್ಚಿ, ಕೂದಲು ಒಳಗ ಬರೋ ಹಂಗ ಮಾಡಿರ್ತಾನ ಅವ. ನಮ್ಮ ಕಡಿ ಬಿದಿರು ಹೆಣದು ಮಾಡ್ತಾರ, ಈಗೆಲ್ಲ ಹೊರಗ ಪ್ಲಾಸ್ಟಿಕ್ ಹಾಳಿ ಹಾಕಿ ಡಾಂಬರ ಬಳೀತಾರ, ಮೊದಲ ತೊಗಲೇ ಇತ್ತು. 1520ರ ಸುಮಾರಿಗೆ ವಿಜಯನಗರ ನೋಡಾಕ ಬಂದಿದ್ದ ಪೋರ್ಚುಗೀಸ್ ಮನಷ್ಯಾ ಡೊಮಿಂಗೊ ಪಯಸ್, ಬುಟ್ಟಿ ಹಂಗ ದುಂಡಗಿರ್ತಾವ, ಹೊರಗ ತೊಗಲು ಹೊಚ್ಚಿರ್ತಾರ, ಹದಿನೈದು ಇಪ್ಪತ್ತು ಮಂದಿ ಕೂಡಬಹುದು ಅಂತ ಬರದಾನ.

ಜಿಮ್ ಅದರಾಗ ಕುಂತಾಗ ಅದು ಹೇಳಿದ ಮಾತು ಕೇಳಂಗಿಲ್ಲ, ಎಲ್ಲಾ ಕಡಿ ತಿರಗತೈತಿ, ಹೋಗಬೇಕಾದ ಕಡಿ ಮಾತ್ರ ಹೋಗಂಗಿಲ್ಲ. ಅದನ್ನ ಓದಿದಾಗ ಈ ಬರದಾವ ತಾನ ಕುಂತು ನೋಡ್ಯಾನೇನಪಾ ಅನ್ನಿಸ್ತು ನನಗ. ನಾ ಸಣ್ಣಾವಿದ್ದಾಗ ತಳವಾರಘಟ್ಟದಾಗ ನಮ್ಮ ಕಾಕಾ ಹುಟ್ಟು ನನ್ನ ಕೈಯಾಗ ಕೊಟ್ಟಿದ್ದ, ಹೊಳಿ ನಡುವ ಹರಗೋಲು ಗಿರಗಿರ ತಿರುಗಿ ಆನೆಗೊಂದಿ ದಂಡಿ ಯಾವದು ಈ ದಂಡಿ ಯಾವದು ತಿಳೀಲಿಲ್ಲ. ಕಾಕಾ ಹುಟ್ಟು ಕಸಗೊಳ್ಳಲಿಲ್ಲ. ನೀರಿನ ಜೋಡಿ ಜಗಳಾ ಆಡಬ್ಯಾಡ, ಅದು ಎಲ್ಲಿ ತಗ್ಗು ಬಿಡತೈತಿ ನೋಡಿ ಅಲ್ಲಿ ಒಂದು ಹುಟ್ಟು ಹಾಕು ಅಂದ.

ಜಿಮ್ ಕಲಿಯೂದೂ ಅದನ್ನ. ಸಮುದ್ರದಾಗ ಎದ್ದು ಕುಂತು ಹುಟ್ಟು ಹಾಕಾಕ ಹೋದ್ರ ಹರಗೋಲು ತೆರಿಯೊಳಗ ಮೂಗು ಇಡತೈತಿ, ಸುಮ್ನ ಅಡಿಯೊಳಗ ಮಲಕೊಂಡ್ರ ತಾನ ತೆರಿ ಏರಿ ಇಳದು ಹೊಂಟಬಿಡತೈತಿ. ಆಮ್ಯಾಲ ಮಲಕೊಂಡಲ್ಲಿಂದನ ಸಪಾಟ ಇದ್ದಲ್ಲಿ ಒಂದೊಂದು ಹುಟ್ಟು ಹಾಕಿ ದಂಡಿ ಕಡಿ ತಿರುಗಿಸ್ತಾನ. ಆ ಹುಡುಗ ದೊಡ್ಡಾವ ಆದದ್ದು ಅಲ್ಲಿ ಅಂತ ನಾ ತಿಳದೀನಿ, ನಿಧಿ ಸಿಕ್ಕಾಗ ಅಲ್ಲ. ಯಾರೂ ಜೋಡಿ ಇಲ್ಲ, ಸಿಲ್ವರ್ ಇಲ್ಲ, ಡಾಕ್ಟರ್ ಇಲ್ಲ.

ಕಾಳಿಕಿನಾರೆ:

ಕಾರವಾರದಿಂದ ಬರೀತಾ ಇದ್ದೇನೆ. ಎಲ್ಲರೂ ಸಿಲ್ವರ್ ಬಗ್ಗೆ ಹೇಳಿದ್ರು, ನಾನು ಅವನ ಗಿಳಿ ಬಗ್ಗೆ ಹೇಳ್ತೇನೆ, ಯಾಕಂದ್ರೆ ಆ ಗಿಳಿ ನಮ್ಮ ಸಮುದ್ರಕ್ಕೆ ಬಂದಿತ್ತು.

10ನೇ ಅಧ್ಯಾಯ ತೆಗೆದು ನೋಡು. ಸಿಲ್ವರ್ ಜಿಮ್‌ಗೆ ಅಡುಗೆ ಕೋಣೆಯಲ್ಲಿ ಗಿಳಿ ತೋರಿಸಿ, ಇದಕ್ಕೆ 200 ವರ್ಷ ಆಗಿರಬಹುದು, ಇದು ಮಡಗಾಸ್ಕರ್ ನೋಡಿದೆ, ಮಲಬಾರ್ ನೋಡಿದೆ, ಗೋವಾದ ಆಚೆ ವೈಸ್‌ರಾಯ್ ಆಫ್ ದಿ ಇಂಡೀಸ್ ಹಡಗು ಹಿಡಿದಾಗ ಇದೂ ಇತ್ತು ಅಂತ ಹೇಳ್ತಾನೆ. ಮುಂದಿನ ಅಧ್ಯಾಯದಲ್ಲಿ ಕಸಾಂಡ್ರಾ ಅನ್ನುವ ಹಡಗಿನ ಹೆಸರೂ ತೆಗೀತಾನೆ, ಮಲಬಾರಿನಿಂದ ನಮ್ಮನ್ನೆಲ್ಲ ಸುಖವಾಗಿ ಮನೆಗೆ ತಂದದ್ದು ಅದು ಅಂತ. ಮೊದಲ ಸಲ ಓದುವಾಗ ಇದೆಲ್ಲ ಕಟ್ಟುಕಥೆ ಅಂದ್ಕೊಂಡಿದ್ದೆ.

ಕಸಾಂಡ್ರಾ ನಿಜವಾದ ಹಡಗು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯದ್ದು, ಕ್ಯಾಪ್ಟನ್ ಜೇಮ್ಸ್ ಮ್ಯಾಕ್ರೇ. 1720ರಲ್ಲಿ ಆಫ್ರಿಕಾ ಪೂರ್ವಕ್ಕೆ ಕೊಮೊರೊಸ್ ದ್ವೀಪಗಳ ಹತ್ರ ಎಡ್ವರ್ಡ್ ಇಂಗ್ಲೆಂಡ್ ಅನ್ನುವ ಕಡಲ್ಗಳ್ಳ ಅದನ್ನ ಹಿಡಿದ. ಜೊತೆಗಿದ್ದ ಇನ್ನೊಂದು ಹಡಗು ಬಿಟ್ಟು ಹೋದ್ರೂ ಮ್ಯಾಕ್ರೇ ಗಂಟೆಗಟ್ಟಲೆ ಹೋರಾಡಿ, ಕೊನೆಗೆ ದಡಕ್ಕೆ ಹೋಗಿ ತಪ್ಪಿಸ್ಕೊಂಡ. ಕೆಲವು ದಿನ ಬಿಟ್ಟು ಸಂಧಾನಕ್ಕೆ ಅಂತ ಅವನೇ ಕಳ್ಳರ ಹಡಗಿಗೆ ಹೋದ. ಅರ್ಧ ಜನ ಇವನನ್ನ ಕೊಲ್ಲಬೇಕು ಅಂತ ಗಲಾಟೆ ಮಾಡ್ತಿರುವಾಗ, 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಡಲ್ಗಳ್ಳರ ಚರಿತ್ರೆಯಲ್ಲಿ ಬರುವ ಹಾಗೆ, ದೊಡ್ಡ ಮೀಸೆಯ, ಮರದ ಕಾಲಿನ, ಸೊಂಟದ ಸುತ್ತ ಪಿಸ್ತೂಲು ಸಿಕ್ಕಿಸ್ಕೊಂಡ ಒಬ್ಬ ಮುಂದೆ ಬಂದು ಮ್ಯಾಕ್ರೇ ಕೈ ಹಿಡ್ಕೊಂಡು, ನಾನು ಇವನ ಜೊತೆ ಹಡಗಲ್ಲಿದ್ದೆ, ಇವನು ಒಳ್ಳೆಯ ಮನುಷ್ಯ, ಇವನ ಮೈಗೆ ಕೈ ಹಾಕಿದವನನ್ನ ನಾನು ನೋಡ್ಕೊಳ್ತೇನೆ ಅಂತ ಕೂಗಿದ. ಮ್ಯಾಕ್ರೇ ಬದುಕಿದ, ಮುಂದೆ 1725ರಲ್ಲಿ ಮದ್ರಾಸಿನ ಗವರ್ನರ್ ಆದ. ಸ್ಟೀವನ್ಸನ್ ಆ ಹಳೇ ಪುಸ್ತಕ ಓದಿದ್ದ. ನೀನು ಉಸಿರು ಬಿಟ್ಟೆ ಅಂದೆಯಲ್ಲ ತಂಗಿ, 28ನೇ ಅಧ್ಯಾಯ, ಅದನ್ನ ಈ ಘಟನೆ ಪಕ್ಕ ಇಟ್ಟು ನೋಡು. ಹೆನ್ಲಿಯ ಮೈ ಸರಿ ಮೇಷ್ಟ್ರೇ, ಆದ್ರೆ ಆ ಊರುಗೋಲಿನವನು ಎದ್ದು ನಿಂತು ತಡೆಯುವುದುಂಟಲ್ಲ, ಅದರ ಬೇರು ಇಲ್ಲಿದೆ ಅಂತ ನನಗೆ ಬಲವಾಗಿ ಅನ್ನಿಸ್ತದೆ.

ವೈಸ್‌ರಾಯ್ ವಿಷಯವೂ ಪೂರ್ತಿ ಸುಳ್ಳಲ್ಲ. 1721ರಲ್ಲಿ ಗೋವಾದಿಂದ ಊರಿಗೆ ಹೊರಟಿದ್ದ ಪೋರ್ಚುಗೀಸ್ ವೈಸ್‌ರಾಯ್ ಇದ್ದ ಹಡಗನ್ನ ಇದೇ ಕಸಾಂಡ್ರಾದವರು ಹಿಡಿದ್ರು. ಹಿಡಿದದ್ದು ಗೋವಾ ಹತ್ರ ಅಲ್ಲ, ರಿಯೂನಿಯನ್ ದ್ವೀಪದಲ್ಲಿ, ಅಷ್ಟರಲ್ಲಿ ಆ ಕಳ್ಳ ಎಡ್ವರ್ಡ್ ಇಂಗ್ಲೆಂಡ್‌ನ ಅವನ ಕಡೆಯವರೇ ನಾಯಕತ್ವದಿಂದ ಕೆಳಗಿಳಿಸಿ ಆಗಿತ್ತು. ಮ್ಯಾಕ್ರೇಗೆ ಮೃದುವಾಗಿ ನಡ್ಕೊಂಡ ಅಂತಲೇ ಅವರಿಗೆ ಅವನ ಮೇಲೆ ಸಿಟ್ಟು.

ಇನ್ನೊಂದು, ನಕ್ಷೆ ನೋಡುವಾಗ ಸಿಲ್ವರ್ ಕ್ಯಾಪ್ಟನ್ ಕಿಡ್‌ನ ಲಂಗರುದಾಣ ಅಂತ ಒಂದು ಜಾಗಕ್ಕೆ ಬೆರಳಿಡ್ತಾನೆ. ಆ ಕಿಡ್ ನಿಜವಾಗಿ ಇದ್ದ ಕಡಲ್ಗಳ್ಳ, 1697ರಲ್ಲಿ ನೀರು ಕಟ್ಟಿಗೆ ತುಂಬಿಸ್ಕೊಳ್ಳಲಿಕ್ಕೆ ನಮ್ಮ ಕಾರವಾರಕ್ಕೆ ಬಂದಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ, ಆಗ ಇಲ್ಲಿತ್ತು, ಅವನ ಹಡಗಿಂದ ಇಲ್ಲಿ ಇಳಿದು ಓಡಿಹೋದವರಿಂದ ಒಳಗಿನ ಸುದ್ದಿ ತಿಳ್ಕೊಂಡು ಕೋಠಿಯವರು ಮೇಲಿನವರಿಗೆ ಬರೆದು ಕಳಿಸಿದ್ರು. 1701ರಲ್ಲಿ ಲಂಡನ್ನಿನ ಎಕ್ಸಿಕ್ಯೂಷನ್ ಡಾಕ್‌ನಲ್ಲಿ ಅವನಿಗೆ ನೇಣಾಯ್ತು, ಸಿಲ್ವರ್ ಮಾತು ಮಾತಿಗೆ ಹೆದರುವುದು ಅದೇ ಜಾಗಕ್ಕೆ. ಅಪ್ಪ ಬೋಟಿಗೆ ಹೋಗ್ತಿದ್ದವರು, ಸಂಜೆ ಬೈತ್‌ಖೋಲದಲ್ಲಿ ಬೋಟು ಬರುವುದನ್ನ ಕಾಯ್ತಾ ನಿಂತಾಗ ಆ ಗಿಳಿ ನೆನಪಾಗ್ತದೆ ನನಗೆ.

ಕೊನೆಯಲ್ಲಿ ಜಿಮ್ ಗುಹೆಯಲ್ಲಿ ಕೂತು ನಾಣ್ಯ ವಿಂಗಡಿಸುವಾಗ ಪೂರ್ವ ದೇಶದ ವಿಚಿತ್ರ ನಾಣ್ಯಗಳು, ಮೇಲೆ ದಾರದ ಎಳೆ ಥರ, ಜೇಡರ ಬಲೆ ಥರ ಏನೋ ಗೀಚಿದೆ ಅಂತಾನೆ. ಅದು ಅವನಿಗೆ ಓದಲಿಕ್ಕೆ ಬಾರದ ಅಕ್ಷರ ಅಂತ ನಾನು ಓದ್ಕೊಂಡೆ. ಸೂರತ್ತಿನದ್ದೋ, ನಮ್ಮ ಕರಾವಳಿಯದ್ದೋ, ಯಾರ ಸೊಂಟದಿಂದ ಕಿತ್ತದ್ದೋ.

ಓದುಹುಳ_ಶಿವಮೊಗ್ಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಲ್ಲಿಗೆದಂಡೆ ಅಕ್ಕ, ನೀವು ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ, ಅಮ್ಮ ಏನೂ ಮಾತಾಡ್ಲಿಲ್ಲ, ಒಂದು ಕಾಸು ಹೆಚ್ಚಿಗೆ ಬೇಡ ಅನ್ನೋ ಕಡೆ ಮಾತ್ರ ಹೂಂ ಅಂದ್ರು.

ಮೇಷ್ಟ್ರು ಹೇಳಿದ್ದೂ ನೇರಮಾತು ಅಣ್ಣ ಹೇಳಿದ್ದೂ ಎರಡೂ ತಲೇಲಿಟ್ಕೊಂಡು ಇವತ್ತು ಸೇಬಿನ ಪೀಪಾಯಿ ಅಧ್ಯಾಯ ಮತ್ತೆ ಓದ್ದೆ, 11ನೇದು. ಜಿಮ್ ಸೇಬು ತಗೊಳ್ಳಕ್ಕೆ ಪೀಪಾಯಿ ಒಳಗೆ ಇಳಿದು ಕತ್ತಲಲ್ಲಿ ತೂಕಡಿಸ್ತಿರುವಾಗ ಸಿಲ್ವರ್ ಬಂದು ಅದಕ್ಕೇ ಬೆನ್ನು ಕೊಟ್ಟು ಕೂತ್ಕೋತಾನಲ್ಲ. ಮೊದ್ಲು ಓದುವಾಗ ದಂಗೆಯ ಪ್ಲಾನ್ ಕೇಳಿಸ್ಕೊಂಡ ಅನ್ನೋದಷ್ಟೇ ಮುಖ್ಯ ಅನ್ನಿಸಿತ್ತು. ಈ ಸಲ ಬೇರೆ ಒಂದು ಕಾಣಿಸ್ತು. ಸಿಲ್ವರ್ ಅಲ್ಲಿ ಇನ್ನೊಬ್ಬ ಎಳೇ ನಾವಿಕನಿಗೆ, ನೀನು ಚಿಕ್ಕೋನಾದ್ರೂ ಎಷ್ಟು ಚುರುಕು, ನೋಡಿದ ತಕ್ಷಣ ಗೊತ್ತಾಯ್ತು ನಂಗೆ ಅಂತ ಹೊಗಳ್ತಾನೆ. ಅದೇ ಮಾತು, ಪದಕ್ಕೆ ಪದ ಅನ್ನೋ ಹಾಗೆ, ಬ್ರಿಸ್ಟಲ್‌ನಲ್ಲಿ ಜಿಮ್‌ಗೆ ಹೇಳಿದ್ದ. ಆಗ ಜಿಮ್‌ಗೆ ಈ ಪೀಪಾಯಿ ಮೂಲಕವೇ ಅವನನ್ನ ಕೊಂದು ಹಾಕೋಣ ಅನ್ನೋಷ್ಟು ಸಿಟ್ಟು ಬರತ್ತೆ. ಇನ್ನೂ ಕೊಲೆಯ ಮಾತು ಅವನು ಸರಿಯಾಗಿ ಕೇಳಿಸ್ಕೊಂಡೂ ಇಲ್ಲ, ಸಿಟ್ಟು ಬಂದಿದ್ದು ಆ ಹೊಗಳಿಕೆಗೆ. ನಂಗೆ ಅದು ಚೆನ್ನಾಗಿ ಗೊತ್ತು. ಟ್ಯೂಷನ್‌ನಲ್ಲಿ ಒಬ್ರು ಸರ್ ನನ್ನ ನೋಟ್ಸ್ ನೋಡಿ ನಿನ್ನಂಥ ಸ್ಟೂಡೆಂಟ್ ನಾನು ನೋಡೇ ಇಲ್ಲ ಅಂದಿದ್ರು, ಆ ಮಾತು ಇಟ್ಕೊಂಡು ಒಂದು ತಿಂಗಳು ಎಷ್ಟು ಓದಿದ್ದೆ, ಆಮೇಲೆ ಒಂದಿನ ಪಕ್ಕದ ಬ್ಯಾಚಿನ ಹುಡುಗಿಗೂ ಅದೇ ದನಿಯಲ್ಲಿ ಅದನ್ನೇ ಹೇಳಿದ್ದು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಅವ್ರು ಕೆಟ್ಟವರಲ್ಲ. ಆದ್ರೂ ಮನೆವರೆಗೂ ಅಳು ತಡ್ಕೊಂಡು ಬಂದೆ.

ಆಮೇಲೆ ಇನ್ನೊಂದು ನೋಡ್ದೆ. ಮೊದಲ ಅಧ್ಯಾಯದಲ್ಲಿ ಜಿಮ್‌ಗೆ ಬಿರುಗಾಳಿ ರಾತ್ರಿಗಳಲ್ಲಿ ಕೆಟ್ಟ ಕನಸಲ್ಲಿ ಒಂಟಿ ಕಾಲಿನ ಮನುಷ್ಯ ಬರ್ತಾನೆ, ಬೇಲಿ ಹಾರಿ ಅಟ್ಟಿಸ್ಕೊಂಡು ಬರ್ತಾನೆ. ಕೊನೇ ಪುಟದಲ್ಲೂ ಕೆಟ್ಟ ಕನಸಿದೆ, ಆದ್ರೆ ಅದ್ರಲ್ಲಿ ಅಲೆಗಳ ಸದ್ದು, ಗಿಳಿಯ ಕೂಗು ಅಷ್ಟೇ, ಒಂಟಿ ಕಾಲಿನವನು ಇಲ್ಲ. ಅವನು ಹೆಂಡತಿ ಜೊತೆ, ಗಿಳಿ ಜೊತೆ ಎಲ್ಲೋ ಸುಖವಾಗಿರಬಹುದು, ಇರ್ಲಿ ಅಂತ ಜಿಮ್ಮೇ ಅಂದ್ಕೋತಾನೆ. ಚಾಕು ಒರೆಸಿದ ಹುಲ್ಲನ್ನ ಕಣ್ಣಾರೆ ನೋಡಿದವನು ಅವನು. ತಮ್ಮನಿಗೆ ಇದನ್ನ ಹೇಳ್ದೆ.

ಅವನು ಯೋಚ್ನೆ ಮಾಡಿ, ಹಾಗಾದ್ರೆ ಪೀಪಾಯಿದು ಹೇಳು ಅಂದ. ಹೇಳ್ತಾ ಹೋದೆ. ಸಿಲ್ವರ್ ಪಕ್ಕದವನಿಗೆ ಗಂಟಲು ಒಣಗಿದೆ, ಎದ್ದು ಪೀಪಾಯಿಯಿಂದ ಒಂದು ಸೇಬು ತಗೊಂಡ್ ಬಾ ಅಂತಾನಲ್ಲ, ಅವನು ಎದ್ದು ನಿಲ್ಲೋ ಸದ್ದು ಜಿಮ್‌ಗೆ ಕೇಳಿಸತ್ತಲ್ಲ, ಅಲ್ಲಿಗೆ ನಿಲ್ಲಿಸಿ ಉಳಿದಿದ್ದು ನಾಳೆ ಅಂದೆ. ಈಗ ಪುಸ್ತಕ ಅವನ ಹತ್ರ ಇದೆ, ಡಿಕ್ಷನರಿನೂ ತಗೊಂಡು ಹೋಗಿದಾನೆ.